ಹೆಸರು ಒಂದು, ಹೆಸರು ಎರಡು

ಮನುಷ್ಯನೇ ಮೊದಲು ಎಂದುಕೊಂಡದ್ದು ಇಲಿಯಣ್ಣ ಮಾಡಿದ ತಪ್ಪು. ಬೇರೆ ಕಡೆ ಆಗಿದ್ದರೆ ಅದು ಹೇಗೋ ನಡೆದುಹೋಗುತ್ತಿತ್ತು. ಅವನು ಕೆಲಸ ಮಾಡುತ್ತಿದ್ದದ್ದು ಪ್ರಾಣಿಗಳ ಆಸ್ಪತ್ರೆಯಲ್ಲಿ.

ಅಲ್ಲಿ ಉಳಿದವರೆಲ್ಲ ನಾಯಿ, ಬೆಕ್ಕು, ಎಮ್ಮೆ ಹಿಡಿಯುವವರು. ದಿನವಿಡೀ ಕಂಪ್ಯೂಟರಿನ ಮೌಸ್ ಹಿಡಿದು ಕೂರುವವನು ಇವನೊಬ್ಬನೇ ಆದ್ದರಿಂದ, ಕೆಲಸಕ್ಕೆ ಸೇರಿದ ವಾರವೇ ಕಾಂಪೌಂಡರ್ ಅವನಿಗೆ ಇಲಿಯಣ್ಣ ಎಂದು ನಾಮಕರಣ ಮಾಡಿದ್ದ. ಈಗ ಸಂಬಳದ ಚೀಟಿಯೊಂದನ್ನು ಬಿಟ್ಟು ಮಿಕ್ಕೆಲ್ಲ ಕಡೆ ಅದೇ ಹೆಸರು. ಆಸ್ಪತ್ರೆಗೆ ಬರುವ ಪ್ರಾಣಿಗಳ ಹೆಸರು, ತೂಕ, ರೋಗ, ಲಸಿಕೆ ಎಲ್ಲ ತುಂಬಿಟ್ಟಿರುವ ಡೇಟಾಬೇಸನ್ನು ನೋಡಿಕೊಳ್ಳುವುದು ಅವನ ಕೆಲಸ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಇವತ್ತೋ ನಾಳೆಯೋ ಸಹಿ ಹಾಕುತ್ತೇನೆ ಎಂದು ಡಾಕ್ಟರಮ್ಮ ಹೇಳುತ್ತಲೇ ಇದ್ದರು.

ಹಿಂದಿನ ದಿನ ಸಂಜೆ ಆಸ್ಪತ್ರೆ ಮುಚ್ಚುವ ಹೊತ್ತಿಗೆ ಡಾಕ್ಟರಮ್ಮ ಅವನನ್ನು ಕರೆದು, "ಪ್ರಾಣಿ ಸಾಕಿದವರಿಗೆ ಬರೀ ಲಸಿಕೆ ದಿನಾಂಕ ಕಳಿಸ್ತಾ ಇದ್ದೀವಿ. ಅದರ ಜೊತೆ ಸ್ವಲ್ಪ ಬುದ್ಧಿಮಾತೂ ಹೋಗ್ಲಿ. ತೂಕ ಜಾಸ್ತಿ ಇದ್ರೆ ಏನು ಮಾಡ್ಬೇಕು, ಉಗುರು ಬೆಳೆದಿದ್ರೆ ಏನು ಮಾಡ್ಬೇಕು, ಹೀಗೆ. ಹೆಸರು ಹಾಕಿ ಕಳಿಸಿ. ಹೆಸರು ಕಂಡ್ರೆ ಜನ ಓದ್ತಾರೆ," ಎಂದಿದ್ದರು.

ಇಲಿಯಣ್ಣ ಸಂದೇಶವನ್ನು ಚೆನ್ನಾಗಿಯೇ ಬರೆದ. ಕೊನೆಗೆ ಹೆಸರು ಹಾಕಬೇಕಾದ ಜಾಗಕ್ಕೆ ಬಂದು ನಾಯಿಗಳ ಪಟ್ಟಿ, ಅಂದರೆ ಟೇಬಲ್, ತೆರೆದರೆ ಅದರಲ್ಲಿ "ಹೆಸರು ಒಂದು" ಎಂದೊಂದು ಕಾಲಂ, "ಹೆಸರು ಎರಡು" ಎಂದೊಂದು ಕಾಲಂ. ಇವನಿಗಿಂತ ಮುಂಚೆ ಈ ಕುರ್ಚಿಯಲ್ಲಿ ಕೂತಿದ್ದವನು ಹಾಗೆ ಹೆಸರಿಟ್ಟು ಹೋಗಿದ್ದ. ಯಾವುದು ಸಾಕಿದವರದು, ಯಾವುದು ಸಾಕಿಸಿಕೊಂಡವರದು? ಒಳಗೆ ಇಣುಕಿ ನೋಡಿದ್ದರೆ ತಿಳಿಯುತ್ತಿತ್ತು. ಆದರೆ ಬಸ್ಸಿಗೆ ಹೊತ್ತಾಗಿತ್ತು. ಮನುಷ್ಯನಲ್ಲದೆ ಇನ್ಯಾರು ಮೊದಲು ಬರುತ್ತಾರೆ ಎಂದುಕೊಂಡು, ಒಂದನೆಯದನ್ನು ಸಾಕಿದವರ ಜಾಗಕ್ಕೂ ಎರಡನೆಯದನ್ನು ಪ್ರಾಣಿಯ ಜಾಗಕ್ಕೂ ಹಾಕಿ, ಪ್ರಾಣಿಗೆ ತಕ್ಕ ಬುದ್ಧಿಮಾತು ಸೇರಿಸಿ ಬೆಳಿಗ್ಗೆ ಎಲ್ಲರಿಗೂ ಕಳಿಸುವ ಕೆಲಸವನ್ನು ಯಂತ್ರಕ್ಕೆ ಬಿಟ್ಟು ಮನೆಗೆ ಹೋದ.

ಬೆಳಿಗ್ಗೆ ಆಸ್ಪತ್ರೆಯ ಮೆಟ್ಟಿಲು ಹತ್ತುವಾಗಲೇ ಕೌಂಟರಿನ ಅಕ್ಕ ಎದುರು ಬಂದಳು. ಬಂದವರ ಚೀಟಿ ಬರೆಯುವುದು, ಫೋನ್ ಎತ್ತುವುದು ಅವಳ ಕೆಲಸ. ಮುಖದಲ್ಲಿ ಹಬ್ಬದ ಕಳೆ ಇತ್ತು. ಬೇರೆಯವರ ಮನೆಗೆ ಬೆಂಕಿ ಬಿದ್ದಾಗ ಕೆಲವರ ಮುಖದಲ್ಲಿ ಕಾಣುವ ಕಳೆ.

"ಇಲಿಯಣ್ಣ, ಜಡ್ಜ್ ಸಾಹೇಬರ ಮನೆಯಿಂದ ಫೋನ್ ಬಂದಿತ್ತು."

"ಯಾಕೆ?"

"ಇದಕ್ಕೆ," ಎಂದು, ಅವರು ಕಳಿಸಿಕೊಟ್ಟಿದ್ದನ್ನು ತನ್ನ ಮೊಬೈಲಿನಲ್ಲಿ ತೋರಿಸಿದಳು. ಅಲ್ಲಿ ಹೀಗಿತ್ತು: "ಶ್ರೀ ಡುಮ್ಮ ಅವರಿಗೆ ನಮಸ್ಕಾರ. ನೀವು ಸಾಕಿರುವ ನಿವೃತ್ತ ಜಡ್ಜ್ ಸಾಹೇಬರ ತೂಕ ಇರಬೇಕಾದ್ದಕ್ಕಿಂತ ಹೆಚ್ಚಾಗಿದೆ. ಬೆಳಿಗ್ಗೆ ಮತ್ತು ಸಂಜೆ ತಪ್ಪದೆ ನಡೆದಾಡಿಸಿ. ಊಟದ ಮೇಜಿನ ಬಳಿ ಬಂದು ಆಸೆಗಣ್ಣಿನಿಂದ ನೋಡಿದರೆ ಕರಗಬೇಡಿ. ಉಗುರು ಬೆಳೆದಿದ್ದರೆ ಕತ್ತರಿಸಿ. ಹೇಳಿದ ಮಾತು ಕೇಳಿದಾಗ ಬೆನ್ನು ಸವರಿ ಮೆಚ್ಚುಗೆ ತೋರಿಸಿ."

ಡುಮ್ಮ ಎಂಬುದು ಜಡ್ಜ್ ಸಾಹೇಬರ ನಾಯಿ. ಸಾಹೇಬರ ಹೆಸರು ಕೇಳುವ ಧೈರ್ಯವಾಗದೆ ಅಕ್ಕ ದಾಖಲೆಯಲ್ಲಿ "ನಿವೃತ್ತ ಜಡ್ಜ್ ಸಾಹೇಬರು" ಎಂದೇ ಬರೆದುಕೊಂಡಿದ್ದಳು.

ಇಲಿಯಣ್ಣ ಸಂದೇಶವನ್ನು ಇನ್ನೊಮ್ಮೆ ಓದಿದ. "ಫೋನಲ್ಲಿ ಏನಂದ್ರು?"

"ಇದನ್ನ ಬರೆದವರು ಯಾರು ಅಂದ್ರು. ನಿನ್ನ ಹೆಸರು ಹೇಳ್ದೆ. ಸಂಜೆ ಬಂದು ಅವರನ್ನ ಖುದ್ದು ನೋಡ್ತೀವಿ ಅಂದ್ರು. ಇನ್ನೂ ಏನೋ ಹೇಳೋರಿದ್ರು, ಅಷ್ಟರಲ್ಲಿ ಒಂದು ಮೇಕೆ ಚೀಟಿ ಪುಸ್ತಕ ತಿನ್ನೋಕೆ ಶುರು ಮಾಡ್ತು. ಫೋನ್ ಇಟ್ಟುಬಿಟ್ಟೆ."

"ನನ್ನ ಹೆಸರು ಯಾಕೆ ಹೇಳಿದ್ರಿ ಅಕ್ಕ?"

"ಜಡ್ಜ್ ಮನೆಯವರು ಕೇಳಿದ್ರೆ ಸುಳ್ಳು ಹೇಳೋಕಾಗುತ್ತಾ?"

ಡಾಕ್ಟರಮ್ಮ ಒಳಗೆ ಒಂದು ಬೆಕ್ಕಿನ ಕಿವಿ ತೊಳೆಯುತ್ತಿದ್ದರು. ತಲೆ ಎತ್ತದೆ ಮಾತಾಡಿದರು. ಅವರು ತಲೆ ಎತ್ತದೆ ಮಾತಾಡಿದರೆ ವಿಷಯ ಕೆಟ್ಟಿದೆ ಎಂದೇ ಲೆಕ್ಕ.

"ಸಂಜೆ ಅವರು ಬರೋದರೊಳಗೆ ಪ್ರತಿಯೊಬ್ಬರಿಗೂ ಸರಿಯಾದ ಸಂದೇಶ ಹೋಗಿರ್ಬೇಕು. ಕ್ಷಮಾಪಣೆ ಸಮೇತ. ಬರೀ ನಾಯಿಯವರಿಗಲ್ಲ, ಎಲ್ಲರಿಗೂ. ಒಬ್ಬರದು ತಪ್ಪಿದ್ರೂ ನಿಮ್ಮ ಖಾಯಂ ವಿಷಯ ನಾನು ಮರೀತೀನಿ, ನೀವೂ ಮರೀಬೇಕಾಗುತ್ತೆ."

ಇಲಿಯಣ್ಣ ತನ್ನ ಮೂಲೆಗೆ ಬಂದು ಕೂತ. ಕೆಲಸ ಕಷ್ಟದ್ದಲ್ಲ ಎಂದು ತನಗೆ ತಾನೇ ಹೇಳಿಕೊಂಡ. "ಹೆಸರು ಒಂದು", "ಹೆಸರು ಎರಡು" ಎಂಬ ಕಾಲಂಗಳು ಯಾವ ಯಾವ ಟೇಬಲ್‌ಗಳಲ್ಲಿ ಇವೆಯೋ ಹುಡುಕಬೇಕು. ಒಂದೊಂದರಲ್ಲೂ ಯಾವುದು ಯಾರದು ಎಂದು ನೋಡಿ ಸಂದೇಶವನ್ನು ತಿದ್ದಬೇಕು.

ಯಾವ ಟೇಬಲಿನಲ್ಲಿ ಏನೇನು ಕಾಲಂ ಇದೆ ಎಂಬುದನ್ನು ಡೇಟಾಬೇಸು ತಾನೇ ತನ್ನೊಳಗೆ ಬರೆದಿಟ್ಟುಕೊಂಡಿರುತ್ತದೆ. ಅದನ್ನು ನೋಡುವುದಕ್ಕೆ ಎರಡು ದಾರಿ. ಒಂದು ಮುಂಬಾಗಿಲು. ಅದಕ್ಕೆ ಇನ್ಫರ್ಮೇಶನ್ ಸ್ಕೀಮಾ ಎಂದು ಹೆಸರು. ಎಲ್ಲ ಕಂಪನಿಯ ಡೇಟಾಬೇಸುಗಳಲ್ಲೂ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ, ಓದುವುದಕ್ಕೆ ಸುಲಭ, ಮರ್ಯಾದಸ್ಥರ ದಾರಿ. ಇನ್ನೊಂದು ಹಿತ್ತಲ ಬಾಗಿಲು, ಸಿಸ್ಟಮ್ ಕ್ಯಾಟಲಾಗ್. ಡೇಟಾಬೇಸು ತನ್ನ ಉಪಯೋಗಕ್ಕೆ ತಾನು ಬರೆದಿಟ್ಟುಕೊಂಡ ಲೆಕ್ಕ ಅದು. ಎಲ್ಲವೂ ಅಂಕಿ, ಮೊಟಕು ಹೆಸರು. ಒಂದನ್ನು ತಿಳಿಯಲು ಇನ್ನೊಂದಕ್ಕೆ ಹೋಗಬೇಕು, ಅದನ್ನು ತಿಳಿಯಲು ಮತ್ತೊಂದಕ್ಕೆ. ಹೊಸ ಆವೃತ್ತಿ ಬಂದರೆ ಅದು ಬದಲಾದರೂ ಬದಲಾಯಿತು. ಕಲಿಯುವಾಗ ಇಲಿಯಣ್ಣನಿಗೆ ಮೇಷ್ಟ್ರು ಹೇಳಿಕೊಟ್ಟಿದ್ದರು: ಮುಂಬಾಗಿಲು ಇರುವಾಗ ಹಿತ್ತಲಿಗೆ ಹೋಗುವವನು ಕಳ್ಳ, ಇಲ್ಲವೇ ನೆಂಟ.

ಇಲಿಯಣ್ಣ ಮುಂಬಾಗಿಲಿಗೇ ಹೋದ. ಕೇಳಿದ ಕೂಡಲೇ ಉತ್ತರ ಬಂತು: ಅಂಥ ಕಾಲಂ ಇರುವ ಟೇಬಲ್‌ಗಳು ಎರಡು. ನಾಯಿ ಮತ್ತು ಬೆಕ್ಕು. ಎರಡನ್ನೂ ತೆರೆದು ನೋಡಿದ. ಎರಡರಲ್ಲೂ ಪ್ರಾಣಿಯ ಹೆಸರೇ ಮೊದಲು. ತಿದ್ದಿದ. ತಿದ್ದಿ ಮುಗಿಸಿದಾಗ ಚಹಾದ ಹೊತ್ತೂ ಆಗಿರಲಿಲ್ಲ. ಕೈ ಒರೆಸಿಕೊಂಡು, ಕಾಂಪೌಂಡರನನ್ನು ಕರೆದು ತೋರಿಸಿದ.

ಕಾಂಪೌಂಡರ್ ಪರದೆಯನ್ನು ದನದ ಹಲ್ಲು ನೋಡುವ ಹಾಗೆ ಬಗ್ಗಿ ನೋಡಿದ. "ಎಮ್ಮೆ, ಹಸು ಎಲ್ಲಿ?"

"ಇಲ್ಲ."

"ಇಲ್ಲ ಅಂದ್ರೆ?"

"ಈ ಡೇಟಾಬೇಸಿನಲ್ಲಿ ದನಗಳ ಟೇಬಲ್ಲೇ ಇಲ್ಲ. ನಾನು ಸರಿಯಾದ ಕಡೆಯೇ ನೋಡಿದ್ದೀನಿ. ಈ ಆಸ್ಪತ್ರೆಗೆ ದನ ಬರೋದಿಲ್ಲ."

ಅವನ ಮಾತು ಮುಗಿಯುವುದಕ್ಕೂ ಕಿಟಕಿಯಿಂದ ಒಂದು ಎಮ್ಮೆ ತಲೆ ಒಳಗೆ ಹಾಕುವುದಕ್ಕೂ ಸರಿಹೋಯಿತು. ಅದು ಇಲಿಯಣ್ಣನನ್ನು ನಿಧಾನವಾಗಿ ನೋಡಿ, ಅವನ ಮೇಜಿನ ಮೇಲಿದ್ದ ಕಾಗದಗಳು ಹಾರುವಂತೆ ಒಮ್ಮೆ ಕೂಗಿತು. ಅದರ ಹಿಂದೆಯೇ, ಅದನ್ನು ಸಾಕಿ ಹಾಲು ಮಾರುವ ಹಾಲಿನ ಯಜಮಾನ ನಿಂತಿದ್ದ. ಅವನ ಕೈಯಲ್ಲಿ ಮೊಬೈಲಿತ್ತು.

"ಇಲ್ಲಿ ಕಂಪ್ಯೂಟರ್ ನೋಡೋರು ಯಾರು?" ಎಂದು ಕೇಳಿದ.

ಕಾಂಪೌಂಡರ್ ತಕ್ಷಣ ಬೆರಳು ತೋರಿಸಿದ.

"ಸ್ವಾಮಿ, ನನಗೆ ಏಳನೇ ತಿಂಗಳಂತೆ. ಭಾರ ಎತ್ತಬಾರದಂತೆ, ಹಸಿಮೇವು ಚೆನ್ನಾಗಿ ತಿನ್ನಬೇಕಂತೆ. ನಮ್ಮ ಎಮ್ಮೆಗೆ ಬರೆದು ಕಳಿಸಿದ್ದೀರಿ. ಮನೇಲಿ ನಮ್ಮತ್ತೆ ಓದಿಬಿಟ್ರು. ಅವರು ನಗೋದನ್ನ ನಿಲ್ಲಿಸಿಲ್ಲ ಇನ್ನೂ."

ಅವನನ್ನು ಸಮಾಧಾನ ಮಾಡಿ ಕಳಿಸುವಷ್ಟರಲ್ಲಿ ಇಲಿಯಣ್ಣನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ದನಗಳಿಗೆ ಸಂದೇಶ ಹೋಗಿದೆ ಎಂದರೆ ದನಗಳ ಟೇಬಲ್ ಇದೆ. ಇದ್ದರೆ ತನಗೇಕೆ ಕಾಣುತ್ತಿಲ್ಲ? ಆಗ ಮೇಷ್ಟ್ರು ಹೇಳಿದ ಇನ್ನೊಂದು ಮಾತು ನೆನಪಾಯಿತು. ಮುಂಬಾಗಿಲಿನಲ್ಲಿ ಕಾಣುವುದು ಇರುವುದೆಲ್ಲ ಅಲ್ಲ. ನಮಗೆ ನೋಡಲು ಅನುಮತಿ ಇರುವುದಷ್ಟೇ. ಸಂದೇಶ ಕಳಿಸುವ ಯಂತ್ರ ಓಡುವುದು ಭಾವನ ಪಾಸ್‌ವರ್ಡಿನಿಂದ, ಅದಕ್ಕೆ ಎಲ್ಲ ಟೇಬಲ್ಲೂ ಕಾಣುತ್ತದೆ. ಇಲಿಯಣ್ಣನ ಪಾಸ್‌ವರ್ಡಿಗೆ ನಾಯಿ, ಬೆಕ್ಕು ಮಾತ್ರ.

ಭಾವ ಎಂದರೆ ಡಾಕ್ಟರಮ್ಮನ ಭಾವ. ಆಸ್ಪತ್ರೆಯ ಆಡಳಿತವೆಲ್ಲ ಅವರದೇ ಆದ್ದರಿಂದ ಹಾಜರಿ ಹಾಕುವವರಿಂದ ಹಿಡಿದು ಸಗಣಿ ಬಾಚುವವರವರೆಗೆ ಎಲ್ಲರಿಗೂ ಅವರು ಭಾವನೇ. ಯಾವ ಬೀಗವನ್ನೂ ಪೂರ್ತಿ ತೆಗೆದು ಅಭ್ಯಾಸವಿಲ್ಲದ ಮನುಷ್ಯ.

"ಭಾವ, ಮಿಕ್ಕ ಟೇಬಲ್‌ಗಳನ್ನ ನೋಡೋಕೆ ಅನುಮತಿ ಬೇಕಿತ್ತು," ಎಂದ ಇಲಿಯಣ್ಣ.

"ಇವತ್ತು ನೋಡೋಕೆ ಕೇಳ್ತೀಯ. ನಾಳೆ ತಿದ್ದೋಕೆ ಕೇಳ್ತೀಯ. ನಾಡಿದ್ದು ನನ್ನ ಕುರ್ಚಿ ಕೇಳ್ತೀಯ."

"ದನಗಳ ಹೆಸರು ನೋಡಿ ನಾನೇನು ಮಾಡ್ಲಿ ಭಾವ?"

"ಅದೇ ನನಗೂ ಅರ್ಥ ಆಗ್ತಿಲ್ಲ. ನಿನ್ನೆ ನಾಯಿಯದ್ದು ನೋಡಿ ಮಾಡಿದ್ದು ಸಾಲದಾ?"

ಬರಿಗೈಯಲ್ಲಿ ವಾಪಸ್ ಬಂದರೆ ಅವನ ಮೂಲೆಯಲ್ಲಿ ಸಭೆಯೇ ಸೇರಿತ್ತು. ಸುದ್ದಿ ಅಷ್ಟರಲ್ಲಿ ಎಲ್ಲರಿಗೂ ಮುಟ್ಟಿತ್ತು. ಎರಡು ಬಾಗಿಲುಗಳ ವಿಷಯ ಅರ್ಧ ಅರ್ಥವಾದವರು ಪೂರ್ತಿ ಸಲಹೆ ಕೊಡಲು ಸಿದ್ಧರಾಗಿದ್ದರು.

"ನೋಡು ಇಲಿಯಣ್ಣ," ಎಂದ ಕಾಂಪೌಂಡರ್. "ನಾಯಿ ಹೊಟ್ಟೆನೋವು ಅಂತ ಬಂದ್ರೆ ನಾವು ಮೊದಲು ಹೊರಗಿಂದ ಮುಟ್ಟಿ ನೋಡ್ತೀವಿ. ಗೊತ್ತಾಗದೆ ಇದ್ರೆ ಎಕ್ಸ್‌ರೇ. ನೀನು ಮುಟ್ಟಿ ನೋಡಿದ್ದಾಯ್ತು, ಏನೂ ಸಿಗ್ಲಿಲ್ಲ. ಎಕ್ಸ್‌ರೇ ತೆಗಿ. ಹಿತ್ತಲಿಗೆ ನಡಿ."

"ಸುಮ್ಮನಿರಿ ನೀವು," ಎಂದಳು ಅಕ್ಕ. "ಹಿತ್ತಲಿಂದ ಹೋಗಿ ಸಿಕ್ಕಿಹಾಕಿಕೊಂಡ್ರೆ ಭಾವ ಬಿಡ್ತಾರಾ? ಮುಂಬಾಗಿಲಲ್ಲಿ ಕಂಡಿಲ್ಲ ಅಂದ್ರೆ ನಿನ್ನ ತಪ್ಪಿಲ್ಲ. ಕಾಣ್ಲಿಲ್ಲ ಅಂತ ಹೇಳಿ ಕೈ ತೊಳ್ಕೊ."

"ಅಕ್ಕ, ಕಿಟಕೀಲಿ ಎಮ್ಮೆ ಕಂಡಿದೆಯಲ್ಲ."

"ಎಮ್ಮೆ ಹೋಗಿ ಡಾಕ್ಟರಮ್ಮನ ಹತ್ರ ಸಾಕ್ಷಿ ಹೇಳುತ್ತಾ?"

ಇಲಿಯಣ್ಣ ಮಧ್ಯಾಹ್ನದ ಊಟ ಬಿಟ್ಟು ಯೋಚಿಸಿದ. ಹಿತ್ತಲಿಗೆ ಹೋದರೂ ದನಗಳ ಟೇಬಲಿನ ಒಳಗಿರುವುದು ಕಾಣುವುದಿಲ್ಲ. ಆದರೆ ಯಾವ ಯಾವ ಟೇಬಲ್ ಇವೆ ಎಂಬುದು ಕಾಣುತ್ತದೆ. ಅದಕ್ಕಿಂತ ಮುಖ್ಯವಾಗಿ, ಕಾಲಂ ಮಾಡಿದವರು ಅದರ ಪಕ್ಕದಲ್ಲಿ ಏನಾದರೂ ಟಿಪ್ಪಣಿ ಬರೆದಿದ್ದರೆ ಅದು ಸಿಗುವುದು ಹಿತ್ತಲಿನಲ್ಲೇ. ಮುಂಬಾಗಿಲಿನಲ್ಲಿ ಟಿಪ್ಪಣಿಗೆ ಜಾಗವೇ ಇಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಬೇರೆ ಮದ್ದಿಲ್ಲದಾಗ ಏನು ಮಾಡುವುದು ಎಂದು ಯಾರೂ ಹೇಳಿಲ್ಲ. ಅತ್ತಿತ್ತ ನೋಡಿ ಸಿಸ್ಟಮ್ ಕ್ಯಾಟಲಾಗಿಗೆ ಇಳಿದ.

ಒಂದು ಅಂಕಿ ಹಿಡಿದು ಇನ್ನೊಂದು ಅಂಕಿಗೆ, ಅಲ್ಲಿಂದ ಮತ್ತೊಂದಕ್ಕೆ ಹೋಗಿ, ಎರಡು ಸಲ ದಾರಿ ತಪ್ಪಿ ಔಷಧಿ ಕೋಣೆಯ ಟೇಬಲಿಗೆ ಹೊಕ್ಕು ಹೊರಬಂದು, ಕೊನೆಗೆ ಬೇಕಾದದ್ದು ಸಿಕ್ಕಿತು. ದನ ಇತ್ತು. ಕುದುರೆ, ಮೊಲ, ಗಿಳಿಯೂ ಇದ್ದವು. ಒಂದೊಂದಕ್ಕೂ ಹಿಂದಿನವನು ಟಿಪ್ಪಣಿ ಬರೆದಿದ್ದ. ಇಲಿಯಣ್ಣನಿಗೆ ಅವನ ಕಾಲಿಗೆ ಬೀಳಬೇಕೆನಿಸಿತು. ಟಿಪ್ಪಣಿ ಓದುವವರೆಗೆ ಮಾತ್ರ.

ದನದ ಟೇಬಲಿನಲ್ಲಿ, "ಹೆಸರು ಒಂದು: ಹಾಲು ಕೊಡುವವರು" ಎಂದಿತ್ತು. ಕುದುರೆಯದರಲ್ಲಿ, "ಹೆಸರು ಒಂದು: ದುಡಿಯುವವರು." ಮೊಲದ್ದರಲ್ಲಿ, "ಹೆಸರು ಒಂದು: ಹೆದರುವವರು." ಗಿಳಿಯದರಲ್ಲಿ, "ಹೆಸರು ಒಂದು: ಹೆಚ್ಚು ಮಾತಾಡುವವರು."

ಕಾಂಪೌಂಡರ್ ಹೆಗಲ ಮೇಲಿಂದ ಓದಿದ. "ಹಾಲು ಕೊಡೋರು ಅಂದ್ರೆ ಹಸು."

"ನಮ್ಮನೆಗೆ ಹಾಲು ಕೊಡೋದು ಹಾಲಿನ ಯಜಮಾನ," ಎಂದಳು ಅಕ್ಕ.

ಇಲಿಯಣ್ಣ ಹಿಂದಿನವನಿಗೇ ಫೋನ್ ಮಾಡಿದ. ಅವನು ಈಗ ಯಾವುದೋ ಬ್ಯಾಂಕಿನಲ್ಲಿದ್ದ. ವಿಷಯ ಕೇಳಿ ಅವನಿಗೆ ಬೇಸರವಾಯಿತು.

"ಅಷ್ಟು ಬಿಡಿಸಿ ಬರೆದಿದ್ದೀನಲ್ಲ, ಇದರಲ್ಲಿ ಅರ್ಥ ಆಗದೇ ಇರೋದು ಏನಿದೆ?"

"ಹಾಲು ಕೊಡೋರು ಯಾರು ಸಾರ್?"

"ಹಸು. ಆಸ್ಪತ್ರೆಗೆ ಮುಖ್ಯ ರೋಗಿ. ರೋಗಿಯ ಹೆಸರೇ ಮೊದಲು. ಎಲ್ಲ ಕಡೆ ಹಾಗೇ ಮಾಡಿದ್ದೀನಿ."

"ಗಿಳೀದರಲ್ಲೂ?"

"ಮೊದಲು ಗಿಳಿ ತಂದವರು ಒಬ್ಬ ವಕೀಲರು. ಗಿಳಿ ಬಾಯಿ ಬಿಡ್ಲೇ ಇಲ್ಲ. ಹಾಗಾಗಿ ಅಲ್ಲಿ ಉಲ್ಟಾ ಹಾಕಿದೆ. ಅದಕ್ಕೇ ತಾನೇ ಟಿಪ್ಪಣಿ ಬರೆದದ್ದು," ಎಂದು ಫೋನಿಟ್ಟ.

ಗಿಳಿಯದೊಂದನ್ನು ಬಿಟ್ಟು ಎಲ್ಲವನ್ನೂ ಇಲಿಯಣ್ಣ ತಿರುವಿಹಾಕಿದ. ಕ್ಷಮಾಪಣೆ ಸೇರಿಸಿದ. "ಬೆಳಿಗ್ಗೆ ಬಂದ ಸಂದೇಶ ತಪ್ಪು. ದಯವಿಟ್ಟು ಮನುಷ್ಯರಿಗೆ ಅನ್ವಯಿಸಬೇಡಿ," ಎಂದು ಬರೆದು, ಮೂರು ಸಲ ಓದಿ ಕಳಿಸಿದ. ಅದೇ ಹೊತ್ತಿಗೆ ಹೊರಗೆ ಕಾರಿನ ಬಾಗಿಲು ಹಾಕಿಕೊಂಡ ಸದ್ದಾಯಿತು.

ಬಂದವರು ಜಡ್ಜ್ ಸಾಹೇಬರಲ್ಲ, ಅವರ ಹೆಂಡತಿ. ಕೈಯಲ್ಲಿ ಹೂವಿನ ಗುಚ್ಛ. ಡಾಕ್ಟರಮ್ಮ ಬಾಗಿಲಿಗೇ ಓಡಿ ಬಂದರು. ಹಿಂದೆ ಭಾವ. ಅವರ ಹಿಂದೆ, ತನಗೇನೂ ಸಂಬಂಧವಿಲ್ಲ ಎಂಬಂತೆ ಖಾಲಿ ಸಿರಿಂಜು ಹಿಡಿದು ಕಾಂಪೌಂಡರ್.

"ಅಮ್ಮಾವ್ರೆ, ಆಗಬಾರದ್ದು ಆಗಿಹೋಯ್ತು," ಎಂದು ಡಾಕ್ಟರಮ್ಮ ಶುರು ಮಾಡಿದರು.

"ಆಗಬೇಕಾದ್ದೇ ಆಗಿದೆ," ಎಂದರು ಆಕೆ. "ಹದಿನೈದು ವರ್ಷದಿಂದ ಹೇಳ್ತಾ ಇದ್ದೀನಿ, ಸ್ವಲ್ಪ ನಡೀರಿ ಅಂತ. ನನ್ನ ಮಾತಿಗೆ ಪುರಾವೆ ಕೇಳೋರು. ಇವತ್ತು ಬೆಳಿಗ್ಗೆ ಆಸ್ಪತ್ರೆಯಿಂದ ಬರವಣಿಗೇಲಿ ಬಂತು. ಮೂರು ಸಲ ಓದಿದ್ರು. ಬರೆದದ್ದನ್ನ ಅವರು ಮೀರೋರಲ್ಲ. ಎದ್ದು ಚಪ್ಪಲಿ ಹಾಕ್ಕೊಂಡು ಡುಮ್ಮನ ಜೊತೆ ಹೊರಟ್ರು. ಮಧ್ಯಾಹ್ನ ಎರಡನೇ ಸಲ ಬಡಿಸೋಕೆ ಹೋದ್ರೆ ತಾವೇ ಕೈ ಅಡ್ಡ ಹಿಡಿದ್ರು. ಇಷ್ಟು ಒಳ್ಳೇ ಉಪಾಯ ಮಾಡಿದ ಪುಣ್ಯಾತ್ಮನನ್ನ ನೋಡೋಣ ಅಂತ ಬಂದೆ. ಫೋನಲ್ಲಿ ಹೇಳೋಣ ಅಂದ್ರೆ ನಿಮ್ಮ ಹುಡುಗಿ ಮೇಕೆ ಅಂತ ಕಿರುಚಿ ಇಟ್ಟುಬಿಟ್ಲು."

ಡಾಕ್ಟರಮ್ಮನ ಮುಖ ಅರಳಿತು. ಭಾವನ ಮುಖವೂ ಅರಳಿತು. "ಇಂಥದ್ದೇನಾದ್ರೂ ಮಾಡಬೇಕು ಅಂತ ನಾವು ಬಹಳ ದಿನದಿಂದ ಯೋಚನೆ ಮಾಡ್ತಿದ್ವಿ," ಎಂದರು ಭಾವ.

ಆಗ ಆಕೆಯ ಕೈಚೀಲದಲ್ಲಿ ಮೊಬೈಲು ಸದ್ದು ಮಾಡಿತು. ತೆಗೆದು ಓದಿದರು. ಓದುತ್ತ ಓದುತ್ತ ಹೂವಿನ ಗುಚ್ಛ ಕೆಳಗಿಳಿಯಿತು.

"ಇದೇನಿದು? ಬೆಳಿಗ್ಗೆಯದ್ದು ತಪ್ಪು, ಮನುಷ್ಯರಿಗೆ ಅನ್ವಯಿಸಬೇಡಿ ಅಂತ ಬಂದಿದೆ. ಇದು ಅವರಿಗೂ ಹೋಗಿರುತ್ತಲ್ಲ. ಈಗ ಸೋಫಾ ಮೇಲೆ ಕೂತು ಓದ್ತಾ ಇರ್ತಾರೆ. ಇನ್ನು ಅವರನ್ನ ಎಬ್ಬಿಸೋರು ಯಾರು?"

ಕೌಂಟರಿನಲ್ಲಿ ಫೋನ್ ಬಡಿದುಕೊಳ್ಳಲು ಶುರುಮಾಡಿತು. ಅಕ್ಕ ಒಂದೊಂದನ್ನೇ ಎತ್ತಿ, ಕೈಯಿಂದ ಮುಚ್ಚಿ ವರದಿ ಒಪ್ಪಿಸಿದಳು. "ಬೇಕರಿ ಯಜಮಾನರ ಹೆಂಡತಿ. ತಿದ್ದಿದ್ದು ಯಾಕೆ ಅಂತ ಕೇಳ್ತಿದ್ದಾರೆ… ಹೆಡ್ ಮೇಷ್ಟ್ರ ಸೊಸೆ. ಮಾವನೋರು ಉಗುರು ಕತ್ತರಿಸಿಕೊಳ್ಳೋಕೆ ಒಪ್ಪಿದ್ರಂತೆ, ಈಗ ಒಲ್ಲೆ ಅಂತಿದ್ದಾರಂತೆ… ಹಾಲಿನ ಯಜಮಾನನ ಅತ್ತೆ. ಅಳಿಯನಿಗೆ ಎಂಟನೇ ತಿಂಗಳು ಅಂತ ಯಾವಾಗ ಕಳಿಸ್ತೀರಿ ಅಂತಾರೆ."

ಡಾಕ್ಟರಮ್ಮ ಇಲಿಯಣ್ಣನ ಕಡೆ ತಿರುಗಿದರು. ಈ ಸಲ ತಲೆ ಎತ್ತಿಯೇ ಮಾತಾಡಿದರು. "ತಿದ್ದಿದವರು ಯಾರು?"

ಕಾಂಪೌಂಡರ್ ತಕ್ಷಣ ಬೆರಳು ತೋರಿಸಿದ.

"ನೀವೇ ತಿದ್ದಿ ಅಂದ್ರಲ್ಲ ಮೇಡಮ್," ಎಂದ ಇಲಿಯಣ್ಣ.

"ಹೇಳಿದ್ದನ್ನೆಲ್ಲ ಅಷ್ಟು ಬೇಗ ಮಾಡಬೇಕಾ? ಬೇರೆ ದಿನ ಒಂದು ಕೆಲಸಕ್ಕೆ ಒಂದು ವಾರ ತಗೋತೀರಿ."

"ನಾನು ಅನುಮತಿ ಕೊಟ್ಟಿರಲಿಲ್ಲ," ಎಂದರು ಭಾವ. "ಹಿತ್ತಲಿಂದ ಹೋಗಿದ್ದಾನೆ. ನಾನು ಅವನಿಗೆ ಮೊದಲೇ ಹೇಳಿದ್ದೆ."

ಹೂವಿನ ಗುಚ್ಛ ಭಾವನ ಕೈ ಸೇರಿತು. ಮೊದಲನೆಯದೇ ಸರಿ, ಎರಡನೆಯದು ತಪ್ಪು ಎಂದು ಎಲ್ಲರಿಗೂ ಮೂರನೆಯದೊಂದು ಸಂದೇಶ ಈಗಲೇ ಹೋಗಬೇಕು ಎಂದು ಅಪ್ಪಣೆಯಾಯಿತು. ಖಾಯಂ ವಿಷಯ ಏನಾಯಿತು ಎಂದು ಕೇಳುವ ಹಾಗಿರಲಿಲ್ಲ. ಇಲಿಯಣ್ಣ ಕೂತು ಬರೆದ, ಕಳಿಸಿದ, ಕಂಪ್ಯೂಟರ್ ಆರಿಸಿ ಹೊರಟ.

ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಮನೆ ಬಾಗಿಲಿಗೆ ಬರುವಾಗ ಅಡುಗೆಮನೆಯಿಂದ ಒಳ್ಳೆಯ ವಾಸನೆ ಬಂತು. ಆ ದಿನ ಅವನಿಗೆ ದಕ್ಕಿದ ಮೊದಲ ಒಳ್ಳೆಯ ಸುದ್ದಿ ಅದು. ಕೈಕಾಲು ತೊಳೆದು ಮೇಜಿನ ಮುಂದೆ ಕೂತರೆ ತಟ್ಟೆ ಇರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಅವರ ಮನೆಯ ಬೆಕ್ಕು ಮಿಣ್ಣಿ ತನ್ನ ತಟ್ಟೆಯನ್ನು ನೆಕ್ಕಿ ಮುಗಿಸುತ್ತಿತ್ತು.

"ಊಟ?" ಎಂದ.

ಹೆಂಡತಿ ಮೊಬೈಲನ್ನು ಅವನ ಮುಂದಿಟ್ಟಳು. ಕಳೆದ ತಿಂಗಳು ಬೆಕ್ಕಿಗೆ ಲಸಿಕೆ ಹಾಕಿಸಲು ಹೋದಾಗ ಕೌಂಟರಿನ ಅಕ್ಕ ಬರೆದುಕೊಂಡ ಹೆಸರೇ ಅದರಲ್ಲಿತ್ತು: "ಶ್ರೀಮತಿ ಮಿಣ್ಣಿ ಅವರಿಗೆ ನಮಸ್ಕಾರ. ನೀವು ಸಾಕಿರುವ ಇಲಿಯಣ್ಣನ ತೂಕ ಇರಬೇಕಾದ್ದಕ್ಕಿಂತ ಹೆಚ್ಚಾಗಿದೆ…"

"ಇದು ತಪ್ಪು ಕಣೇ," ಎಂದ ಇಲಿಯಣ್ಣ. "ಕಾಲಂ ಅದಲುಬದಲಾಗಿತ್ತು. ಬೇಕಾದ್ರೆ ಸಂಜೆ ಬಂದ ಎರಡನೇ ಸಂದೇಶ ನೋಡು."

"ನೋಡ್ದೆ. ಅದಕ್ಕೇ ಅಡುಗೆ ಮಾಡಿ ಇಟ್ಟಿದ್ದೆ. ಬಡಿಸೋಣ ಅನ್ನೋ ಹೊತ್ತಿಗೆ ಮೂರನೇದು ಬಂತು. ಮೊದಲನೇದೇ ಸರಿ ಅಂತ ಆಸ್ಪತ್ರೆಯೋರೇ ಬರೆದಿದ್ದಾರೆ. ಇನ್ಯಾರನ್ನ ಕೇಳ್ಲಿ ನಾನು?"

ಇಲಿಯಣ್ಣ ಬಾಯಿ ತೆರೆದ. ಮೂರನೆಯದನ್ನು ಬರೆದವರು ಯಾರು ಎಂದು ಹೇಳಲು ಹೋಗಿ, ಮೊದಲನೆಯದನ್ನು ಬರೆದವರು ಯಾರು ಎಂದೂ ಹೇಳಬೇಕಾಗುತ್ತದೆ ಎಂದು ಹೊಳೆದು ಮುಚ್ಚಿಕೊಂಡ.

"ಏಳಿ," ಎಂದಳು ಹೆಂಡತಿ, ಅವನ ಚಪ್ಪಲಿಯನ್ನು ಕಾಲ ಬಳಿ ತಳ್ಳುತ್ತ. "ಮೊದಲು ಪಾರ್ಕಿನ ತನಕ ಹೋಗಿ ಬನ್ನಿ. ಊಟದ್ದು ಆಮೇಲೆ ನೋಡೋಣ. ಬೆಕ್ಕು ಉಳಿಸಿದ್ರೆ."